ಯಾರೂ ಬಂದಿಲ್ಲ ಸಾರ್

ಕ್ರಾಂತಿಯ ಬಗ್ಗೆ ನಮ್ಮಲ್ಲಿ ಬಂದಿರುವ ಕಥೆ, ಸಿನಿಮಾಗಳಲ್ಲಿ ಮಕ್ಕಳಿಗೆ ಸಾಮಾನ್ಯವಾಗಿ ಎರಡೇ ಕೆಲಸ. ಒಂದೋ ಬೇಗ ಬೇಗ ದೊಡ್ಡವರಾಗಿ ಬಾವುಟ ಹಿಡೀಬೇಕು, ಇಲ್ಲಾಂದ್ರೆ ಹೆಣದ ಪಕ್ಕ ನಿಂತು ಅಳಬೇಕು. ಈ ಎರಡರ ಮಧ್ಯೆ ನೂರಾರು ದಿನ ಇರ್ತಾವಲ್ಲ, ಆಗೆಲ್ಲ ಆ ಮಗು ಏನು ಮಾಡ್ತಿತ್ತು? ಹೋಂವರ್ಕ್ ಬರೀತಿತ್ತಾ? ರಾತ್ರಿ ಹೊರಗೆ ಹೋಗೋಕೆ ಯಾರನ್ನ ಎಬ್ಬಿಸ್ತಿತ್ತು? ಅಪ್ಪ ಅಮ್ಮ ಮಾತಾಡ್ತಾ ಮಾತಾಡ್ತಾ ದನಿ ತಗ್ಗಿಸಿದಾಗ ಅದಕ್ಕೆ ಏನು ಅರ್ಥ ಆಗ್ತಿತ್ತು? ಇಂಥ ಪ್ರಶ್ನೆಗಳಿಗೆ ಉತ್ತರ ಇರುವ ಪುಸ್ತಕ ನನಗೆ ಮೊದಲು ಸಿಕ್ಕಿದ್ದು ಇರಾನಿನ ಒಬ್ಬಳು ಹುಡುಗಿಯಿಂದ. ಅದೂ ಕಾಮಿಕ್ಸ್.

ಮಾರ್ಜಾನೆ ಸತ್ರಪಿಯ ‘ಪರ್ಸೆಪೊಲಿಸ್’ ನಿಮ್ಮಲ್ಲಿ ಬಹಳ ಜನ ಓದಿರ್ತೀರಿ, ಓದದಿದ್ದವರು 2007ರ ಅನಿಮೇಷನ್ ಸಿನಿಮಾ ಆದ್ರೂ ನೋಡಿರ್ತೀರಿ. 2000ದಿಂದ 2003ರವರೆಗೆ ಫ್ರೆಂಚಿನಲ್ಲಿ ನಾಲ್ಕು ಭಾಗವಾಗಿ ಬಂದ ಆತ್ಮಕಥೆ ಅದು. ಕನ್ನಡಕ್ಕೂ ಬಂದಿದೆ. 1979ರಲ್ಲಿ ಶಾ ದೇಶ ಬಿಟ್ಟ, ಖೊಮೇನಿ ಬಂದ, ಮರುವರ್ಷ ಇರಾಕ್ ಜೊತೆ ಯುದ್ಧ ಶುರುವಾಯ್ತು. ಆಗ ಮಾರ್ಜಿಗೆ ಹತ್ತು ವರ್ಷ. ಇಷ್ಟೂ ಇತಿಹಾಸವನ್ನ ಆಕೆ ಟೆಹ್ರಾನಿನ ಒಂದು ಮನೆಯ ಒಳಗಿನಿಂದಲೇ ಹೇಳ್ತಾಳೆ. ಕಪ್ಪು ಬಿಳುಪು ಚಿತ್ರಗಳು, ನೆರಳು ಕೂಡ ಇಲ್ಲ. ಮೊದಲ ಸಲ ನೋಡಿದಾಗ ಯಾರೋ ಪ್ರೈಮರಿ ಸ್ಕೂಲ್ ಹುಡುಗಿ ಬಿಡಿಸಿದ ಹಾಗಿದೆಯಲ್ಲ ಅನ್ನಿಸುತ್ತೆ. ಆಮೇಲೆ ಅದೇ ಸರಿ ಅನ್ನಿಸೋಕೆ ಶುರುವಾಗುತ್ತೆ.

ಈ ಪುಸ್ತಕಕ್ಕೂ ನಮ್ಮೂರಿಗೂ ಒಂದು ವಿಚಿತ್ರ ನಂಟಿದೆ. ಅದನ್ನ ಇಲ್ಲೇ ಹೇಳಿಬಿಡ್ತೀನಿ. ನಾನು ಕಳಸದ ಕಡೆಯವನು. ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿದ್ದು 1976ರಲ್ಲಿ, ಇರಾನಿನ ಶಾ ಸರ್ಕಾರ ಸಾಲ ಕೊಡ್ತೀವಿ, ಅದಿರನ್ನೂ ನಾವೇ ಕೊಳ್ತೀವಿ ಅಂದ ಭರವಸೆಯ ಮೇಲೆ. ಗುಡ್ಡ ಕೊರೆದು, ಅಣೆಕಟ್ಟು ಕಟ್ಟಿ, ಮಂಗಳೂರಿನವರೆಗೆ ಪೈಪ್ ಎಳೆದು ಕೆಲಸ ಮುಗೀತಾ ಬರುವಾಗ ಇರಾನಿನಲ್ಲಿ ಕ್ರಾಂತಿ ಆಗಿ ಅವರು ಕೈಬಿಟ್ಟರು. ಅಂದ್ರೆ ಮಾರ್ಜಿಯ ಅಪ್ಪ ಅಮ್ಮ ಟೆಹ್ರಾನಿನ ಬೀದಿಯಲ್ಲಿ ಶಾ ವಿರುದ್ಧ ಘೋಷಣೆ ಕೂಗ್ತಿದ್ದಾಗ ಅದರ ಬಿಸಿ ನಮ್ಮ ಮಲ್ಲೇಶ್ವರದ ಟೌನ್‌ಶಿಪ್ಪಿಗೂ ತಟ್ಟಿತ್ತು. ಗಣಿ ಏನೂ ನಿಲ್ಲಲಿಲ್ಲ, ಬೇರೆ ಗಿರಾಕಿ ಹುಡುಕಿಕೊಂಡು ನಡೀತು. ಸುಪ್ರೀಂ ಕೋರ್ಟ್ ಹೇಳಿ 2005ರ ಕೊನೆಗೆ ನಿಲ್ಲೋವರೆಗೂ ನಡೀತು. ನಾನು ಹುಟ್ಟಿದಾಗಿಂದ ಮಳೆಗಾಲದ ಭದ್ರೆ ಅಂದ್ರೆ ಕೆಂಪು ಹೊಳೆ. ಹೊಳೆಯ ಬಣ್ಣವೇ ಅದು ಅಂದುಕೊಂಡಿದ್ದೆವು.

ಗಣಿ ಒಂದು ಕಡೆ, ರಾಷ್ಟ್ರೀಯ ಉದ್ಯಾನ ಇನ್ನೊಂದು ಕಡೆ. ಸುಮಾರು 600 ಚದರ ಕಿಲೋಮೀಟರ್ ಕಾಡಿಗೆ 2001ರಲ್ಲಿ ಅಂತಿಮ ಅಧಿಸೂಚನೆ ಬಂತು. ಒಳಗಿದ್ದ ಮಲೆಕುಡಿಯರು, ಗೌಡ್ಲುಗಳು, ಅಂಗೈ ಅಗಲ ಗದ್ದೆಯವರು ಎಲ್ಲರಿಗೂ ಎಬ್ಬಿಸ್ತಾರಂತೆ ಅನ್ನೋ ಹೆದರಿಕೆ. ಆ ಹೆದರಿಕೆ ಇದ್ದ ಜಾಗಕ್ಕೇ ನಕ್ಸಲರು ಬಂದರು. 2003ರ ನವೆಂಬರಿನಲ್ಲಿ ಕಾರ್ಕಳದ ಈದುವಿನಲ್ಲಿ ಹಾಜಿಮಾ, ಪಾರ್ವತಿ ಅನ್ನೋ ಇಬ್ಬರು ಹುಡುಗಿಯರು ಸತ್ತರು. 2005ರ ಫೆಬ್ರವರಿ 6ಕ್ಕೆ ಕೊಪ್ಪ ತಾಲ್ಲೂಕಿನ ಬಳಿಗೆಯಲ್ಲಿ ಸಾಕೇತ್ ರಾಜನ್. ನಾನಾಗ ಏಳನೇ ಕ್ಲಾಸು. 2007ರ ಜುಲೈನಲ್ಲಿ ಮೆಣಸಿನಹಾಡ್ಯದ ಹತ್ತಿರ ಒಡೆಯರಮಠದಲ್ಲಿ ಐದು ಜನ ಸತ್ತರು, ಅವರಲ್ಲಿ ಸ್ಥಳೀಯರೂ ಇದ್ದರು. 2008ರ ನವೆಂಬರಿನಲ್ಲಿ ಹೊರನಾಡಿನ ಪಕ್ಕದ ಮಾವಿನಹೊಳೆಯಲ್ಲಿ ಮೂವರು ನಕ್ಸಲರು, ಒಬ್ಬ ಪೊಲೀಸ್. ಹೊರನಾಡು, ಕಳಸ ಎಲ್ಲ ಆಗ ಮೂಡಿಗೆರೆ ತಾಲ್ಲೂಕೇ. ಇದನ್ನ ಯುದ್ಧ ಅನ್ನಬಹುದಾ? ಕಾಡಿಗೆ ಹೋದವರು ಹಾಗೇ ಕರೀತಿದ್ದರು. ಸರ್ಕಾರ ಕಾನೂನು ಸುವ್ಯವಸ್ಥೆ ಅಂತಿತ್ತು. ನಮ್ಮ ಮನೆಗಳಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ‘ಅವರು’ ಅಂತಿದ್ದೆವು. ಯಾವ ‘ಅವರು’ ಅನ್ನೋದು ಹೇಳಿದವರ ಮುಖ ನೋಡಿದ್ರೆ ಗೊತ್ತಾಗ್ತಿತ್ತು.

ಈಗ ಪುಸ್ತಕಕ್ಕೆ ಬರ್ತೀನಿ. ‘ಪರ್ಸೆಪೊಲಿಸ್’ನಲ್ಲಿ ಲಾಲಿ ಅಂತ ಒಬ್ಬಳು ಹುಡುಗಿ. ಅವಳ ಅಪ್ಪ ಜೈಲಿನಲ್ಲಿದ್ದಾನೆ, ಮನೆಯವರು ಅವಳಿಗೆ ಅಪ್ಪ ಪ್ರವಾಸ ಹೋಗಿದ್ದಾನೆ ಅಂತ ಹೇಳಿರ್ತಾರೆ. ಮಾರ್ಜಿ ಅವಳಿಗೆ ನೇರವಾಗಿ ಹೇಳಿಬಿಡ್ತಾಳೆ: ಯಾರಾದ್ರೂ ಪ್ರವಾಸ ಹೋಗಿದ್ದಾರೆ ಅಂದ್ರೆ ಸತ್ತುಹೋಗಿದ್ದಾರೆ ಅಂತ ಅರ್ಥ. ಆ ಅಪ್ಪ ಬದುಕಿ ವಾಪಸ್ ಬರ್ತಾನೆ, ಅದು ಬೇರೆ. ದೊಡ್ಡವರ ಮಾತಿಗೆ ಒಂದು ಡಿಕ್ಷನರಿಯನ್ನ ಮಕ್ಕಳು ತಾವೇ ತಯಾರು ಮಾಡಿಕೊಂಡಿರ್ತಾರೆ, ಅದರಲ್ಲಿ ಅರ್ಧ ತಪ್ಪಿರುತ್ತೆ, ತಪ್ಪಿದ್ರೂ ಅದರಿಂದಲೇ ಬದುಕು ನಡೀತಿರುತ್ತೆ. ಇದನ್ನ ಎರಡು ಪುಟದಲ್ಲಿ ಇಷ್ಟು ಚೆನ್ನಾಗಿ ತೋರಿಸಿದ್ದನ್ನ ನಾನು ಬೇರೆ ಕಡೆ ನೋಡಿಲ್ಲ.

ಇನ್ನೊಂದು ಜಾಗ ಇದೆ, ಅದು ನನಗೆ ಇನ್ನೂ ಹತ್ತಿರ. ಜೈಲಿಂದ ಬಿಡುಗಡೆಯಾದ ಇಬ್ಬರು ಮಾರ್ಜಿಯ ಮನೆ ಹಾಲ್‌ನಲ್ಲಿ ಕೂತು ಅಲ್ಲಿನ ಚಿತ್ರಹಿಂಸೆಯನ್ನ ವಿವರಿಸ್ತಾರೆ. ಮಕ್ಕಳು ಕೇಳ್ತಿದ್ದಾರೆ ಅನ್ನೋದು ಯಾರಿಗೂ ಹೊಳೆಯೋದಿಲ್ಲ. ಮಾರನೇ ದಿನ ಮಾರ್ಜಿ ಗೆಳೆಯರ ಜೊತೆ ಆಟ ಆಡುವಾಗ ಸೋತವರಿಗೆ ಹಿಂಸೆ ಕೊಡೋದು ಅಂತ ರೂಲ್ಸ್ ಮಾಡ್ತಾಳೆ. ಮನೆಗೆ ಬಂದು ಕನ್ನಡಿ ಮುಂದೆ ನಿಂತು ತನ್ನ ಶಕ್ತಿಗೆ ತಾನೇ ಖುಷಿಪಡ್ತಾಳೆ, ಆಮೇಲೆ ಅಮ್ಮನ ಹತ್ತಿರ ಹೋಗಿ ಅಳ್ತಾಳೆ. ಖುಷಿ ಮೊದಲು, ಅಳು ಆಮೇಲೆ. ಇನ್ಯಾರಾದ್ರೂ ಬರೆದಿದ್ರೆ ಆ ಖುಷಿಯನ್ನ ತೆಗೆದುಹಾಕಿಬಿಡ್ತಿದ್ರು.

ನಮ್ಮಲ್ಲೂ ಆಟ ಬದಲಾಗಿತ್ತು. ಕಳ್ಳ ಪೊಲೀಸ್ ಹೋಗಿ ನಕ್ಸಲ್ ಪೊಲೀಸ್ ಆಯ್ತು. ಕಾಫಿ ತೋಟದಲ್ಲಿ ಕಸಿ ಮಾಡಿ ಬಿಸಾಕಿದ ರೊಬಸ್ಟಾ ರೆಂಬೆಗಳೇ ಬಂದೂಕು. ಆದರೆ ಈ ಆಟಕ್ಕೆ ಮೂರನೆಯವನೊಬ್ಬ ಬೇಕಾಗ್ತಿತ್ತು: ಮನೆಯವನು. ಕಾಫಿ ಕಣದ ಮೂಲೆಯಲ್ಲಿ ಅವನ ಮನೆ. ಮೊದಲು ನಕ್ಸಲರು ಬಂದು ಅನ್ನ ಕೇಳ್ತಾರೆ, ಆಮೇಲೆ ಪೊಲೀಸರು ಬಂದು ಯಾರು ಬಂದಿದ್ರು ಅಂತ ಕೇಳ್ತಾರೆ. ಅವನು ಹೇಳಿದ್ರೂ ಔಟ್, ಹೇಳದಿದ್ರೂ ಔಟ್. ಯಾರೂ ಮನೆಯವನಾಗೋಕೆ ಒಪ್ಪದೇ ಇದ್ದಿದ್ದರಿಂದ ಚಿಕ್ಕವರನ್ನ ಹಿಡಿದು ಕೂರಿಸ್ತಿದ್ದೆವು. ಹನ್ನೆರಡು ಹದಿಮೂರು ವರ್ಷದ ಹುಡುಗರು ಮಲೆನಾಡಿನ ಆ ಐದಾರು ವರ್ಷದ ರಾಜಕೀಯವನ್ನ ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದರು ಅಂತ ಈಗ ಅನ್ನಿಸುತ್ತೆ.

ನಿಜ ಹೇಳ್ಬೇಕು ಅಂದ್ರೆ ನಮ್ಮ ಮನೆಗೆ ಯಾವತ್ತೂ ಯಾರೂ ಬಂದಿರಲಿಲ್ಲ. ನಮ್ಮದು ರಸ್ತೆ ಬದಿಯ ಮನೆ, ಬಸ್ಸಿನ ಶಬ್ದ ಕೇಳೋ ಅಷ್ಟು ಹತ್ತಿರ. ಆದ್ರೂ ಅಜ್ಜಿ ನಮಗೆ ಒಂದು ವಾಕ್ಯ ಬಾಯಿಪಾಠ ಮಾಡಿಸಿದ್ದರು: ಯಾರೂ ಬಂದಿಲ್ಲ ಸಾರ್. ಕೂಂಬಿಂಗ್ ಟೈಮಲ್ಲಿ ಬೂಟು ಹಾಕಿದವರು ದಾರೀಲಿ ನಿಲ್ಲಿಸಿ, ಬಿಸ್ಕತ್ತು ಕೊಟ್ಟು ಕೇಳಿದ್ರೆ ಅಷ್ಟು ಹೇಳಿ ಮುಂದೆ ನಡೀಬೇಕು. ನಮ್ಮ ಕ್ಲಾಸಿನಲ್ಲಿ ಕಾಡಂಚಿನ ಒಂಟಿ ಮನೆಯಿಂದ ಬರ್ತಿದ್ದ ಒಬ್ಬ ಹುಡುಗ ಇದ್ದ. ಅವನಿಗೂ ಅದೇ ವಾಕ್ಯ, ಅದೇ ಸಾರ್. ನನ್ನದು ನಿಜ. ಅವನದು ಏನೋ, ನಾನು ಯಾವತ್ತೂ ಕೇಳಲಿಲ್ಲ. ಸಂಜೆ ಅನ್ನಕ್ಕೆ ಎಷ್ಟು ಪಾವು ಅಕ್ಕಿ ಹಾಕಿದ್ರು ಅಂತ ಇನ್ನೊಬ್ಬರ ಮನೆಯಲ್ಲಿ ಕೇಳಬಾರದು ಅನ್ನೋದು ಆ ವರ್ಷಗಳಲ್ಲಿ ನಮಗೆ ಯಾರೂ ಹೇಳಿಕೊಡದೇ ಬಂದ ಮರ್ಯಾದೆ.

ಸತ್ರಪಿಯ ಅಮ್ಮ ಕಿಟಕಿಗಳಿಗೆ ದಪ್ಪ ಕಪ್ಪು ಪರದೆ ಹಾಕ್ತಾಳೆ. ಬಾಂಬಿನ ಗಾಜು ಸಿಡಿಯದಿರಲಿ ಅಂತ ಟೇಪ್ ಅಂಟಿಸೋದು ಬೇರೆ, ಪರದೆ ಇರೋದು ಎದುರುಮನೆಯವರ ಕಣ್ಣಿಗೆ. ಒಳಗೆ ಪಾರ್ಟಿ, ಮನೆಯಲ್ಲೇ ಮಾಡಿದ ವೈನು. ಒಂದು ರಾತ್ರಿ ಕಾವಲಿನವರು ಹಿಂದೆ ಬಿದ್ದಾಗ ಅಜ್ಜಿ ಮೊಮ್ಮಗಳು ಮೇಲಕ್ಕೆ ಓಡಿ ಅಷ್ಟನ್ನೂ ಕಕ್ಕಸಿಗೆ ಸುರೀತಾರೆ. ಈ ಭಾಗ ಓದುವಾಗ ನಗು ಬರುತ್ತೆ, ಬರಬೇಕು ಕೂಡ. ಯುದ್ಧಕಾಲದ ಮನೆಯಲ್ಲಿ ಇಷ್ಟು ನಗು ಇರುತ್ತೆ ಅನ್ನೋದನ್ನ ಒಪ್ಪಿಕೊಳ್ಳೋಕೆ ನಮ್ಮ ಗಂಭೀರ ಲೇಖಕರಿಗೆ ಸ್ವಲ್ಪ ಕಷ್ಟ.

ಹಾಗಂತ ಪುಸ್ತಕವನ್ನ ಪೂರ್ತಿ ತಲೆ ಮೇಲೆ ಹೊತ್ತುಕೊಳ್ಳೋಕೆ ನಾನು ತಯಾರಿಲ್ಲ. ಮಾರ್ಜಿಯದು ಕ್ಯಾಡಿಲಾಕ್ ಕಾರಿನ ಮನೆ. ತಾತ ರಾಜಮನೆತನದವನು. ಅಪ್ಪ ಎಂಜಿನಿಯರು. ಕಾರಲ್ಲಿ ಕೂತಾಗ ಹುಡುಗಿಗೆ ನಾಚಿಕೆಯಾಗುತ್ತೆ ಅಂತ ಅವಳೇ ಬರೀತಾಳೆ, ಆ ಪ್ರಾಮಾಣಿಕತೆ ಒಪ್ಪಬೇಕಾದ್ದೇ. ಆ ಮನೆಯಲ್ಲಿ ಮೆಹ್ರಿ ಅಂತ ಒಬ್ಬಳು ಕೆಲಸದ ಹುಡುಗಿ ಇದ್ದಾಳೆ. ಓದು ಬರಹ ಬಾರದ ಅವಳು ಪಕ್ಕದ ಮನೆ ಹುಡುಗನನ್ನ ಪ್ರೀತಿಸ್ತಾಳೆ, ಅವಳ ಪರವಾಗಿ ಪತ್ರ ಬರೆಯೋಳು ಮಾರ್ಜಿ. ವಿಷಯ ಗೊತ್ತಾದಾಗ ಸಮಾನತೆಯ ಮಾತಾಡುವ ಅಪ್ಪನೇ ಹೋಗಿ, ಅವಳು ನನ್ನ ಮಗಳಲ್ಲ, ಕೆಲಸದವಳು ಅಂತ ಆ ಹುಡುಗನಿಗೆ ಹೇಳಿ ಬರ್ತಾನೆ. ಪ್ರೀತಿ ಅಲ್ಲಿಗೆ ಮುಗೀತು. ಈ ಅಧ್ಯಾಯ ಇಡೀ ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ, ಎಲ್ಲಕ್ಕಿಂತ ಸಿಟ್ಟು ಬರಿಸೋದೂ ಅದೇ. ಯಾಕಂದ್ರೆ ಅದಾದ ಮೇಲೆ ಮೆಹ್ರಿ ಪುಸ್ತಕದಿಂದ ಮಾಯವಾಗ್ತಾಳೆ. ಕ್ರಾಂತಿ ಅವಳಿಗೆ ಏನು ಮಾಡ್ತು? ಯುದ್ಧ ಬಂದಾಗ ಅವಳು ಎಲ್ಲಿದ್ದಳು? ಮಾರ್ಜಿಗೆ 14 ವರ್ಷ ಆದಾಗ ಅಪ್ಪ ಅಮ್ಮ ಅವಳನ್ನ ವಿಯೆನ್ನಾಕ್ಕೆ ಕಳಿಸ್ತಾರೆ. ಮೆಹ್ರಿಯನ್ನ ಯಾರು ಎಲ್ಲಿಗೆ ಕಳಿಸೋಕೆ ಸಾಧ್ಯ? ಪತ್ರ ಬರೆದುಕೊಡುವವಳಿಗೆ ಮುಂದೆ ಪುಸ್ತಕ ಬರೆಯೋಕೂ ಬಂತು. ಬರೆಸಿಕೊಂಡವಳ ಮಾತು ಆ ಪತ್ರಗಳ ಜೊತೆಗೇ ಹೋಯ್ತು.

ಇದನ್ನ ಯಾಕೆ ಇಷ್ಟು ಎಳೀತಿದ್ದೀನಿ ಅಂದ್ರೆ, ಮಲೆನಾಡಿನಲ್ಲಿ ಬಾಗಿಲು ಬಡಿದ ಮನೆಗಳೆಲ್ಲ ಮೆಹ್ರಿಯ ಮನೆಗಳೇ. ದೊಡ್ಡ ಎಸ್ಟೇಟಿನವರ ಮಕ್ಕಳು ಬೋರ್ಡಿಂಗ್ ಸ್ಕೂಲಲ್ಲಿದ್ದರು. ರಸ್ತೆ ಬದಿಯ ನಮ್ಮಂಥವರಿಗೆ ಹೆದರಿಕೆ ಮಾತ್ರ ಬಂತು, ಮನುಷ್ಯರು ಬರಲಿಲ್ಲ. ಕರೆಂಟಿಲ್ಲದ, ಹಕ್ಕುಪತ್ರ ಇಲ್ಲದ, ಹೊಳೆ ದಾಟಿ ಶಾಲೆಗೆ ಬರಬೇಕಾದ ಮಕ್ಕಳ ಮನೆಗೇ ಎರಡೂ ಕಡೆಯವರು ಹೋಗಿದ್ದು.

ಕನ್ನಡದಲ್ಲಿ ಈ ವಿಷಯಕ್ಕೆ ಹತ್ತಿರ ಬರುವ ದೊಡ್ಡ ಕೃತಿ ಅಂದ್ರೆ ನಿರಂಜನರ ‘ಚಿರಸ್ಮರಣೆ’, 1955ರದು. ಕಾಸರಗೋಡಿನ ಕಯ್ಯೂರಿನ ರೈತರ ಹೋರಾಟ. 1941ರ ಮಾರ್ಚ್ 28ರಂದು ಮೆರವಣಿಗೆಯ ನಡುವೆ ಸಿಕ್ಕಿಬಿದ್ದ ಪೊಲೀಸನೊಬ್ಬ ಹೊಳೆಯಲ್ಲಿ ಸತ್ತ. 1943ರ ಮಾರ್ಚ್ 29ಕ್ಕೆ ಕಣ್ಣೂರು ಜೈಲಿನಲ್ಲಿ ನಾಲ್ವರನ್ನ ಗಲ್ಲಿಗೆ ಹಾಕಿದರು. ಹತ್ತಿರದ ನೀಲೇಶ್ವರದಲ್ಲಿ ಓದಿದ ನಿರಂಜನರಿಗೆ ಅದು ಓದಿ ತಿಳಿದ ಊರಲ್ಲ. ಕಾದಂಬರಿಯ ಅಪ್ಪು, ಚಿರುಕಂಡ ಶುರುವಿನಲ್ಲಿ ಶಾಲೆಗೆ ಹೋಗುವ ಹುಡುಗರು, ಅವರಿಗೊಬ್ಬ ಮಾಸ್ತರು. ಆ ಶಾಲೆಯ ಬಾಗಿಲಿಂದಲೇ ಕ್ರಾಂತಿ ಒಳಗೆ ಬರುತ್ತೆ. ಕನ್ನಡದಲ್ಲಿ ಮಕ್ಕಳನ್ನ ಇಷ್ಟು ಗೌರವದಿಂದ ರಾಜಕೀಯದ ಒಳಗೆ ಕರೆದುಕೊಂಡ ಕಾದಂಬರಿ ಕಡಿಮೆ. ಹುಡುಗರು ಯೋಚನೆ ಮಾಡ್ತಾರೆ, ಅವರಿಗೂ ನ್ಯಾಯ ಅನ್ಯಾಯ ಗೊತ್ತಾಗುತ್ತೆ ಅಂತ ನಿರಂಜನರು ನಂಬಿದ್ದರು.

ಆದ್ರೆ ಹೆಸರೇ ಹೇಳೋ ಹಾಗೆ ಅದು ಸತ್ತವರ ನೆನಪಿಗೆ ಬರೆದದ್ದು. ಬಾಲ್ಯ ಅಲ್ಲಿ ಮುಂದಿನ ತ್ಯಾಗಕ್ಕೆ ತಯಾರಿ, ಮನೆ ಅನ್ನೋದು ಹೊರಟು ಬರಬೇಕಾದ ಜಾಗ. ನನ್ನ ಕುತೂಹಲ ಇರೋದು ಐದನೆಯವನ ಮೇಲೆ. ಕಯ್ಯೂರು ಕೇಸಿನಲ್ಲಿ ಗಲ್ಲಿನ ಶಿಕ್ಷೆಯಿಂದ ಒಬ್ಬ ಉಳಿದ, ಚೂರಿಕ್ಕಾಡನ್ ಕೃಷ್ಣನ್ ನಾಯರ್. ಉಳಿದದ್ದು ವಯಸ್ಸು ಸಾಲದು ಅಂತ. ಜೊತೆಯವರು ನಾಲ್ಕೂ ಜನ ಸತ್ತು, ಚಿಕ್ಕವನು ಅನ್ನೋ ಒಂದೇ ಕಾರಣಕ್ಕೆ ಬದುಕಿದ ಹುಡುಗ ಮನೆಯಲ್ಲಿ ಅಮ್ಮನ ಎದುರು ಊಟಕ್ಕೆ ಕೂತಾಗ ಏನನ್ನಿಸಿರಬಹುದು? ಆ ಕಾದಂಬರಿ ನನಗೆ ಬೇಕು. ವೀರರ ಕಥೆಯ ವ್ಯಾಕರಣಕ್ಕೆ ಅದು ಒಗ್ಗೋದಿಲ್ಲ.

ಮಾಸ್ತರ ವಿಷಯ ಬಂತಲ್ಲ, ಇದನ್ನೂ ಹೇಳಬೇಕು. 2008ರ ಮೇ ತಿಂಗಳಲ್ಲಿ ಹೆಬ್ರಿ ಹತ್ತಿರದ ಸೀತಾನದಿಯಲ್ಲಿ ನಕ್ಸಲರು ಒಬ್ಬ ಮೇಷ್ಟ್ರನ್ನ, ಅವರ ಸಂಬಂಧಿಯನ್ನ ಗುಂಡಿಕ್ಕಿ ಕೊಂದರು. ಪೊಲೀಸರಿಗೆ ಸುದ್ದಿ ಕೊಡ್ತಾರೆ ಅನ್ನೋ ಆರೋಪ. ಕಯ್ಯೂರಿನ ಕಾದಂಬರಿಯಲ್ಲಿ ಮಾಸ್ತರು ಕ್ರಾಂತಿಯನ್ನ ಶಾಲೆಗೆ ತರ್ತಾರೆ. ಇಲ್ಲಿ ಕ್ರಾಂತಿ ಮೇಷ್ಟ್ರ ಮನೆಗೆ ಬಂತು. ಕರ್ನಾಟಕದ ಜನರ ಇತಿಹಾಸವನ್ನ ‘ಮೇಕಿಂಗ್ ಹಿಸ್ಟರಿ’ ಅಂತ ಎರಡು ಸಂಪುಟ ಬರೆದ ಸಾಕೇತ್ ರಾಜನ್ ಇದಕ್ಕೆ ಮೂರು ವರ್ಷ ಮೊದಲೇ ಸತ್ತಿದ್ದರು. ಇದ್ದಿದ್ರೆ ಈ ಘಟನೆಯನ್ನ ಯಾವ ಅಧ್ಯಾಯದಲ್ಲಿ ಹಾಕ್ತಿದ್ದರೋ.

ಸಿನಿಮಾದ ಬಗ್ಗೆ ಜಾಸ್ತಿ ಹೇಳೋಕೆ ಇಲ್ಲ. 2007ರ ‘ಮಾತಾಡ್ ಮಾತಾಡು ಮಲ್ಲಿಗೆ’ಯಲ್ಲಿ ವಿಷ್ಣುವರ್ಧನ್ ಹೂ ಬೆಳೆಯೋ ರೈತ, ಸುದೀಪ್ ನಕ್ಸಲ್. ನಾಗತಿಹಳ್ಳಿಯವರ ಕಾಳಜಿ ದೊಡ್ಡದೇ, ಆದರೆ ಮನೆ ಅಲ್ಲಿ ಗಾಂಧಿ ದಾರಿಯೋ ಬಂದೂಕಿನ ದಾರಿಯೋ ಅಂತ ಚರ್ಚಾಸ್ಪರ್ಧೆ ಮಾಡುವ ವೇದಿಕೆ. ಮೂಡಿಗೆರೆಯಲ್ಲೇ ಕೂತು ‘ಚಿದಂಬರ ರಹಸ್ಯ’ ಬರೆದ ತೇಜಸ್ವಿ, ಕೆಸರೂರಿನ ಕ್ರಾಂತಿಕಾರಿ ಹುಡುಗರನ್ನ ಎಂಬತ್ತರ ದಶಕದಲ್ಲೇ ಪ್ರೀತಿಯಿಂದ ಗೇಲಿ ಮಾಡಿದ್ದರು. ನಿಜವಾದ ಬಂದೂಕು ನಮ್ಮ ಕಡೆ ಬಂದಾಗ ಅವರ ಕೊನೆಯ ವರ್ಷಗಳು. 2007ರ ಏಪ್ರಿಲ್‌ನಲ್ಲಿ ಹೋಗಿಬಿಟ್ಟರು.

ಇನ್ನುಳಿದದ್ದು ಪೇಪರು, ಟಿವಿ. 2025ರ ಜನವರಿ 8ಕ್ಕೆ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಆರು ಜನ ಶರಣಾದರು. ಆರರಲ್ಲಿ ನಾಲ್ವರು ಹೆಂಗಸರು. ಮುಂಡಗಾರು ಲತಾ, ವನಜಾಕ್ಷಿ ಬಾಳೆಹೊಳೆ, ಸುಂದರಿ ಕುತ್ಲೂರು: ಹೆಸರಿಗೇ ಊರು ಅಂಟಿಕೊಂಡಿರೋದು ನೋಡಿ. ಆ ದಿನ ಆಫೀಸಿನಲ್ಲಿ ಸ್ಟ್ಯಾಂಡಪ್ ಕಾಲ್ ಮ್ಯೂಟ್ ಮಾಡಿ ನಾನು ಲೈವ್ ನೋಡ್ತಿದ್ದೆ. ಎಷ್ಟು ಕೇಸು, ಎಷ್ಟು ಪ್ಯಾಕೇಜು, ಬಂದೂಕು ಎಲ್ಲಿ. ಸ್ಕ್ರೀನಿನ ಕೆಳಗೆ ಇದೇ ಓಡ್ತಿತ್ತು. ಇವರು ಕಾಡಿಗೆ ಹೋದಾಗ ಆ ಮನೆಗಳಲ್ಲಿ ಆರೇಳು ವರ್ಷದ ತಮ್ಮ ತಂಗಿ, ಅಕ್ಕನ ಮಕ್ಕಳು ಇದ್ದಿರಬಹುದು, ಚಿಕ್ಕಮ್ಮ ಎಲ್ಲಿ ಅಂತ ಕೇಳಿರಬಹುದು, ಅವರಿಗೆ ಏನು ಉತ್ತರ ಸಿಕ್ಕಿರಬಹುದು ಅಂತ ಒಂದು ಚಾನೆಲ್ಲಾದ್ರೂ ಕೇಳುತ್ತೇನೋ ಅಂತ ಕಾದೆ. ಪ್ರವಾಸ ಹೋಗಿದ್ದಾರೆ ಅಂದಿರ್ತಾರಾ? ನಮ್ಮ ಕಡೆ ಬಹುಶಃ ‘ಘಟ್ಟದ ಕೆಳಗೆ ಕೆಲಸಕ್ಕೆ’ ಅಂದಿರ್ತಾರೆ.

ಸತ್ರಪಿ ವಿಯೆನ್ನಾದ ಪಾರ್ಟಿಯೊಂದರಲ್ಲಿ ತಾನು ಫ್ರೆಂಚ್ ಅಂತ ಸುಳ್ಳು ಹೇಳ್ತಾಳೆ. ನನ್ನ ಬಿಇ ಹಾಸ್ಟೆಲ್ಲಿನಲ್ಲಿ ಯಾವೂರು ಅಂದ್ರೆ ಚಿಕ್ಕಮಗಳೂರು ಅಂತ ಹೇಳಿ ಸುಮ್ಮನಾಗ್ತಿದ್ದ ಹುಡುಗರು ನನಗೆ ಗೊತ್ತು. ಕಳಸ, ಶೃಂಗೇರಿ, ಕಿಗ್ಗ ಅಂದ್ರೆ ಮುಂದಿನ ಪ್ರಶ್ನೆ ಏನು ಅಂತ ಗೊತ್ತಿತ್ತು. ಈಗ ಪ್ರಶ್ನೆ ಬದಲಾಗಿದೆ, ಹೋಂಸ್ಟೇ ಯಾವುದು ಚೆನ್ನಾಗಿದೆ ಅಂತಾರೆ. ನೀವು ಮುಳ್ಳೋಡಿಯಿಂದ ಕುದುರೆಮುಖ ಟ್ರೆಕ್ಕಿಗೆ ಹೋಗುವಾಗ ಜೀಪು ಓಡಿಸ್ತಾನಲ್ಲ ಡ್ರೈವರು, ಮೂವತ್ತರ ಆಸುಪಾಸಿನವನಾದ್ರೆ, ಅವನಿಗೂ ಆ ವಾಕ್ಯ ಬಾಯಿಪಾಠ ಇರೋ ಸಾಧ್ಯತೆ ಉಂಟು.

ಕಾಡಂಚಿನ ಮನೆಯ ನನ್ನ ಆ ಕ್ಲಾಸ್‌ಮೇಟ್ ಈಗ ಊರಲ್ಲೇ ಇದ್ದಾನೆ, ಪಿಕಪ್ ಇಟ್ಟಿದ್ದಾನೆ. ಹೋದ ದೀಪಾವಳಿಗೆ ‘ಪರ್ಸೆಪೊಲಿಸ್’ ಅವನ ಕೈಗೆ ಕೊಟ್ಟು ಬಂದಿದ್ದೆ, ಚಿತ್ರ ಇದೆ, ಬೇಗ ಓದಿಸಿಕೊಂಡು ಹೋಗುತ್ತೆ ಅಂತ ಆಸೆ ಹಚ್ಚಿ. ಎರಡು ತಿಂಗಳಾದ ಮೇಲೆ ಫೋನ್ ಮಾಡಿದ. ಅರ್ಧ ಓದಿದ್ದ. ಅವನ ವಿಮರ್ಶೆ ನನ್ನದಕ್ಕಿಂತ ಚಿಕ್ಕದು.

‘ಆ ಹುಡುಗಿ ಅಪ್ಪ ಅಮ್ಮನ ಹತ್ರ ಎಷ್ಟು ಪ್ರಶ್ನೆ ಕೇಳ್ತಾಳೆ ಮಾರಾಯ! ನಮ್ಮನೇಲಿ ಒಂದು ಕೇಳಿದ್ರೆ ಬೆನ್ನಿಗೆ ಬೀಳ್ತಿತ್ತು.’

ಅಷ್ಟು ವರ್ಷ ಆದ ಮೇಲೆ ಆವತ್ತು ನಾನೂ ಒಂದು ಪ್ರಶ್ನೆ ಕೇಳಿದೆ. ನಿಮ್ಮನೆಗೆ ಬಂದಿದ್ರಾ ಅವರು? ಸ್ವಲ್ಪ ಹೊತ್ತು ಆ ಕಡೆಯಿಂದ ಟಾರ್ಪಾಲಿನ ಮೇಲೆ ಮೆಣಸು ಎಳೆಯೋ ಸದ್ದು ಮಾತ್ರ ಕೇಳ್ತಿತ್ತು. ‘ಎಂತಕ್ಕೆ ಈಗ ಅದೆಲ್ಲ’ ಅಂದ. ಆಮೇಲೆ, ಆ ಪುಸ್ತಕದಲ್ಲಿ ಲಾಲಿ ಅಂತ ಹುಡುಗಿ ಇದ್ದಾಳಲ್ಲ, ಅವಳ ಅಪ್ಪ ಕೊನೆವರೆಗೂ ಬದುಕಿರ್ತಾನಾ, ಇಲ್ಲ ಮತ್ತೆ ಹಿಡ್ಕೊಂಡು ಹೋಗ್ತಾರಾ ಅಂತ ಕೇಳಿದ. ಓದು, ಮುಂದೆ ಬರುತ್ತೆ ಅಂದೆ.